ಗುಡ್ಡದ ಮರಗಳ ಬೆಳವಣಿಗೆಗೆ ಕಾರಣಗಳು

ಕಬ್ಬಿನ ಪತ್ರಿಕೆಯಲ್ಲಿ ಗುಡ್ಡದ ಮರಗಳ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಬಾವಿಯ ನೀರನ್ನು ನಂಬಿ ಕಬ್ಬು ಬೆಳೆಯುವವರಿಗೆ ಕೆರೆಯೇ ಆಧಾರ. ಕೆರೆಗೆ ಗುಡ್ಡವೇ ಆಧಾರ. ಬೋಳು ಗುಡ್ಡದ ಮೇಲೆ ಬಿದ್ದ ಮಳೆ ಮಣ್ಣನ್ನೂ ಹೊತ್ತು ಓಡಿಬಂದು ಕೆರೆಯಲ್ಲಿ ಹೂಳು ತುಂಬುತ್ತದೆ. ಮರ, ಹುಲ್ಲು ಇದ್ದಲ್ಲಿ ನೀರಿನ ಒಂದು ಭಾಗ ನೆಲಕ್ಕೆ ಇಂಗುತ್ತದೆ, ಮಣ್ಣೂ ನಿಲ್ಲುತ್ತದೆ. ಆದುದರಿಂದ ಗುಡ್ಡದ ಮರ ಯಾವುದರಿಂದ ಬೆಳೆಯುತ್ತದೆ, ಯಾವುದರಿಂದ ಕುಗ್ಗುತ್ತದೆ ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು.

ಮಳೆ ಮತ್ತು ತೇವ

ಯೂರೋಪು, ಉತ್ತರ ಅಮೆರಿಕಗಳ ಉತ್ತರ ಭಾಗದ ಮಿಶ್ರ ಕಾಡುಗಳಲ್ಲಿ ಮರದ ಬೆಳವಣಿಗೆಯನ್ನು ತಡೆಯುವುದು ಮುಖ್ಯವಾಗಿ ಚಳಿ. ಹಿಮ ಬೀಳುವ ತಿಂಗಳುಗಳಲ್ಲಿ ಮರ ಬೆಳೆಯದೆ ನಿಂತುಬಿಡುತ್ತದೆ. ನಮ್ಮಲ್ಲಿ ಬಿಸಿಲಿಗೆ ಕೊರತೆಯಿಲ್ಲ, ಕೊರತೆ ತೇವದ್ದು. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದರೂ, ಎರಡೂ ಮಳೆನೆರಳಿನ ಸೀಮೆಗಳೇ. ಹಳೆಯ ಅನಂತಪುರ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಾತ್ರ. ಅವರಿಗೆ ಚಳಿಗಾಲ ಹೇಗೋ ನಮ್ಮ ಮರಗಳಿಗೆ ಬೇಸಿಗೆ ಹಾಗೆ: ಎಲೆ ಉದುರಿಸಿ ಕಾಯುವ ಕಾಲ.

ಆದರೆ ಬಿದ್ದ ಮಳೆಗಿಂತ ಬೇರಿನ ಬಳಿ ಉಳಿದ ತೇವವೇ ಮುಖ್ಯ. ಒಂದೇ ಗುಡ್ಡದ ನೆತ್ತಿಯಲ್ಲಿ ಕುರುಚಲು, ಬುಡದ ಹಳ್ಳದಲ್ಲಿ ಎತ್ತರದ ಮರ ಇರುವುದನ್ನು ಎಲ್ಲರೂ ನೋಡಿದ್ದೇವೆ. ನೆತ್ತಿಯಲ್ಲಿ ಬಂಡೆಯ ಮೇಲೆ ಮಣ್ಣು ತೆಳು, ಬುಡದಲ್ಲಿ ಆಳ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಗುಡ್ಡದ ಉತ್ತರ ಮಗ್ಗುಲಿನಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ.

ಬೇರು ಮತ್ತು ನೆರೆಯ ಮರ

ನಮ್ಮ ಗುಡ್ಡಗಳ ಕಾಡು ಮಿಶ್ರ ಕಾಡು. ದಿಂಡಿಗ, ಕಮರ, ತುಗ್ಗಲಿ, ಕಗ್ಗಲಿ, ಹುರಗಲು, ಬೇವು ಕಲೆತು ಬೆಳೆಯುತ್ತವೆ. ಇವುಗಳ ಬೇರುಗಳು ಒಂದೇ ಆಳದಲ್ಲಿ ಇರುವುದಿಲ್ಲ. ಕಮರದ ತಾಯಿಬೇರು ಬಂಡೆಯ ಸೀಳಿನಲ್ಲೂ ಆಳಕ್ಕೆ ಇಳಿಯುತ್ತದೆ. ಅದರ ಸಸಿ ಮೊದಲ ಕೆಲವು ವರ್ಷ ಬೇಸಿಗೆಯಲ್ಲಿ ಮೇಲೆ ಒಣಗಿ, ಮಳೆಗೆ ಮತ್ತೆ ಚಿಗುರುತ್ತದೆ. ಸತ್ತಿತೆಂದು ನಾವು ಎಣಿಸಿದ ಕಾಲದಲ್ಲಿ ಅದು ಬೇರನ್ನು ಬೆಳೆಸುತ್ತಿರುತ್ತದೆ. ಜಾಲಿ ಜಾತಿಯ ಮರಗಳು ಶೇಂಗಾ ಗಿಡದಂತೆ ಬೇರಿನ ಗಂಟುಗಳಲ್ಲಿ ಸಾರಜನಕ ಕೂಡಿಡುತ್ತವೆ. ಉದುರಿದ ಎಲೆಯ ಮೂಲಕ ಅದು ನೆರೆಯ ಮರಕ್ಕೂ ಸಿಗುತ್ತದೆ. ಆದರೆ ಮರಗಳು ತೀರ ದಟ್ಟವಾದರೆ ಇದ್ದ ತೇವಕ್ಕೇ ಪೈಪೋಟಿಯಾಗಿ ಎಲ್ಲವೂ ಸಣಕಲಾಗುತ್ತವೆ.

ಕೊಡಲಿ, ಮೇಕೆ, ಬೆಂಕಿ

ಮಳೆ, ಮಣ್ಣು, ಇಳಿಜಾರು ನಮ್ಮ ಕೈಯಲ್ಲಿಲ್ಲ. ಈ ಮೂರು ನಮ್ಮ ಕೈಯಲ್ಲಿವೆ.

ಕೂಳೆ ಕಬ್ಬನ್ನು ನೆನೆಯಿರಿ. ಹೊಸದಾಗಿ ನಾಟಿ ಮಾಡದಿದ್ದರೂ ಹಳೆಯ ಬುಡದಿಂದ ಬೆಳೆ ಬರುತ್ತದೆ. ಕಡಿದ ತುಗ್ಗಲಿ, ಬೇವುಗಳ ಮೋಟೂ ಹೀಗೆಯೇ. ಬೇರು ಬಲಿತಿರುವುದರಿಂದ ಮೋಟಿನ ಚಿಗುರು ಹೊಸ ಸಸಿಗಿಂತ ಬೇಗ ಏಳುತ್ತದೆ. ಆದರೆ ಕೂಳೆಯ ಮೊಳಕೆಯನ್ನು ದನ ಪದೇ ಪದೇ ಮೇಯ್ದರೆ ಏನಾದೀತು? ಮೇಕೆ ಪ್ರತಿ ವರ್ಷ ಚಿಗುರು ಕಡಿದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ಮುಗಿದು ಮೋಟು ಕೊನೆಗೆ ಸಾಯುತ್ತದೆ. ಬೇಸಿಗೆಯಲ್ಲಿ ಒಣ ಹುಲ್ಲಿಗೆ ಬಿದ್ದ ಬೆಂಕಿ ಸಸಿಯನ್ನೂ, ಮಣ್ಣಿಗೆ ಮುಚ್ಚಿಗೆಯಾಗಿದ್ದ ತರಗನ್ನೂ ಸುಟ್ಟು, ಮುಂದಿನ ಮಳೆಗೆ ನೆಲವನ್ನು ಬರಿದು ಮಾಡುತ್ತದೆ.

ಇದನ್ನು ತಡೆದರೆ ಫಲವುಂಟು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ರೊದ್ದಂ ಸುತ್ತಿನ ಕಲ್ಪವಲ್ಲಿಯಲ್ಲಿ ಹಳ್ಳಿಯ ಜನರು ಟಿಂಬಕ್ಟು ಕಲೆಕ್ಟಿವ್ ಸಂಸ್ಥೆಯೊಡನೆ ಸೇರಿ 1990ರ ದಶಕದಿಂದ ಬೋಳು ಗುಡ್ಡಗಳನ್ನು ಕಾಯ್ದರು. ಬೆಂಕಿಗೆ ತಡೆಪಟ್ಟಿ, ಕಾವಲು, ಬೀಜ ಎರಚುವಿಕೆ ಇವೇ ಮುಖ್ಯ ಕೆಲಸ. ಹುಲ್ಲು ಬಂದಿತು, ಮರ ಎದ್ದಿತು.

ನಮ್ಮಿಂದಾಗುವುದು

ಗುಡ್ಡದ ಅಂಚಿನ ಹೊಲದಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಡಬೇಡಿ. ಅದನ್ನು ಕೂಳೆಯ ಸಾಲುಗಳಲ್ಲಿ ಹರಡಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ. ಊರಿನವರು ಕೂಡಿ ಮಾತಾಡಿ, ಗುಡ್ಡದ ಒಂದೊಂದು ಮಗ್ಗುಲನ್ನು ಸರದಿಯಂತೆ ಕೆಲವು ವರ್ಷ ಮೇವಿಗೆ ಬಿಡದೆ ಕಾಯಿರಿ. ಮೇಕೆ ಸಾಕಿ ಬದುಕುವವರಿಗೆ ಉಳಿದ ಮಗ್ಗುಲು ತೆರೆದಿರಲಿ. ನಿಮ್ಮ ಬದುವಿನ ಮೋಟಿನಲ್ಲಿ ಹತ್ತು ಚಿಗುರು ಬಂದರೆ ನೆಟ್ಟಗಿನ ಎರಡು ಮೂರನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ.

ಸಸಿ ನೆಡುವುದಕ್ಕೆ ಹಣ ಬೇಕು, ನೀರು ಬೇಕು. ಇರುವ ಮೋಟನ್ನು ಕಾಯುವುದಕ್ಕೆ ಊರಿನ ಒಗ್ಗಟ್ಟು ಸಾಕು. ಸಹಕಾರದಿಂದ ಕಬ್ಬು ಬೆಳೆದು ತೋರಿಸಿದ ನಮಗೆ ಅದು ಹೊಸದೇನಲ್ಲ.