ಹಗುರವಾದ ರಾತ್ರಿಯೂಟ: ಕಾಳು-ಪಚಡಿಯ ಬಟ್ಟಲು

ಯಾದಗಿರಿ ಸೀಮೆಯ ಊಟಕ್ಕೆ ಜೋಳದ ರೊಟ್ಟಿಯೇ ಆಧಾರ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಬಳಿಕ ಶಹಾಪುರ, ಸುರಪುರಗಳಲ್ಲಿ ಭತ್ತದ ಗದ್ದೆಗಳು ಹೆಚ್ಚಿ, ಬಿಳಿ ಅನ್ನವೂ ತಟ್ಟೆಯನ್ನು ತುಂಬತೊಡಗಿತು. ಪೇಟೆಗೆ ಹೋದವರು ಮೈದೆಯ ಬನ್ನಿನ ನಡುವೆ ಕರಿದ ಬಿಲ್ಲೆಯನ್ನಿಟ್ಟ ಬರ್ಗರನ್ನೂ ತಿನ್ನುವುದುಂಟು. ದೇಹದ ತೂಕ ಹೆಚ್ಚಿದವರಿಗೆ ಇವುಗಳಿಗಿಂತ ಹಿತವಾದ ಊಟವು ಮನೆಯಲ್ಲಿಯೇ ಸಿದ್ಧವಾಗುತ್ತದೆ.

ಹೆಸರು ಅಥವಾ ಮಡಕಿಕಾಳನ್ನು ತಲೆಗೊಂದು ಹಿಡಿಯಂತೆ ಎಂಟು ತಾಸು ನೆನೆಸಿ, ನೀರು ಬಸಿದು, ಶುಚಿಯಾದ ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಬೇಸಿಗೆಯಲ್ಲಿ ಮರುದಿನವೇ ಮೊಳಕೆ ಮೂಡುತ್ತದೆ. ಚಳಿಗಾಲದಲ್ಲಿ ಇನ್ನೊಂದು ದಿನ ಕಾಯಬೇಕಾದೀತು. ಹಳಸಿದ ವಾಸನೆ ಬಂದ ಕಾಳನ್ನು ಬಳಸಬಾರದು. ಮೊಳಕೆಯನ್ನು ಹಬೆಯಲ್ಲಿ ಚೆನ್ನಾಗಿ ಬೇಯಿಸಿ, ತೊಳೆದು ಹೆಚ್ಚಿದ ಸೌತೆಕಾಯಿ, ಗಜ್ಜರಿ, ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪುಗಳ ಪಚಡಿಯೊಡನೆ ಬಟ್ಟಲಿನಲ್ಲಿ ಕಲಸಿ, ಒಂದು ಚಮಚ ಅಗಸಿ ಹಿಂಡಿಯನ್ನೂ ನಿಂಬೆರಸವನ್ನೂ ಬೆರೆಸಬೇಕು. ಹಿಂಡಿಯಲ್ಲಿ ಉಪ್ಪಿರುವುದರಿಂದ ಬೇರೆ ಉಪ್ಪು ಬೇಕಿಲ್ಲ. ನಿಂಬೆಯಲ್ಲಿರುವ 'ಸಿ' ಜೀವಸತ್ವವು ಕಾಳಿನ ಕಬ್ಬಿಣಾಂಶವು ರಕ್ತಗತವಾಗಲು ನೆರವಾಗುತ್ತದೆ. ಊಟವಾದೊಡನೆ ಕುಡಿದ ಚಹಾ ಅದಕ್ಕೆ ಅಡ್ಡಿಯಾಗುತ್ತದೆ.

ಈ ಬಟ್ಟಲನ್ನು ಮೊದಲು ಮುಗಿಸಿ ಆಮೇಲೆ ರೊಟ್ಟಿ ಮುರಿದರೆ, ಮೂರು ರೊಟ್ಟಿ ಬೇಡುವ ಹಸಿವು ಒಂದೆರಡಕ್ಕೆ ತಣಿಯುತ್ತದೆ. ಆದರೆ ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ರೊಟ್ಟಿಯನ್ನು ಕಡಿಮೆ ಮಾಡತಕ್ಕದ್ದಲ್ಲ. ಅವರಿಗೆ ಇದು ರೊಟ್ಟಿಯ ಜೊತೆಗೆ ಸೇರಬೇಕಾದ ಆಹಾರ. ಮಧುಮೇಹಕ್ಕೆ ಗುಳಿಗೆ ಸೇವಿಸುವವರು ವೈದ್ಯರನ್ನು ಕೇಳಿಯೇ ಊಟ ತಗ್ಗಿಸಬೇಕು.

ಅನೇಕ ಮನೆಗಳಲ್ಲಿ ಗೃಹಿಣಿಯು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ. ಆ ವೇಳೆಗೆ ಕಾಳು ತೀರಿ, ರೊಟ್ಟಿ-ಖಾರವಷ್ಟೇ ಉಳಿದಿರುತ್ತದೆ. ಸ್ತ್ರೀಯರ ರಕ್ತಹೀನತೆಗೆ ಇದೂ ಒಂದು ಕಾರಣ. ಆದುದರಿಂದ ಉಳಿದವರ ಬಟ್ಟಲು ತುಂಬುವಾಗಲೇ ಆಕೆಯದನ್ನೂ ತುಂಬಿ, ಮುಚ್ಚಿಡತಕ್ಕದ್ದು. ಈ ಕೆಲಸವನ್ನು ಪತಿಯೇ ವಹಿಸಿಕೊಳ್ಳುವುದು ಮೇಲು.