ಹಾಸಿಗೆಯ ಬದಿಯ ತೊಗಲು

(ಬಾನುಲಿ ಭಾಷಣ)

ನನ್ನ ಮಗಳು ಅಳಿಯ ಜೆ. ಪಿ. ನಗರದಲ್ಲಿ ಹೊಸ ಮನೆ ಮಾಡಿ ಆರು ತಿಂಗಳಾಯಿತು. ಗೃಹಪ್ರವೇಶ ಮುಗಿದ ಕೆಲವು ದಿನಗಳಿಗೆ ಅಳಿಯ ಕೆಲಸದ ನಿಮಿತ್ತ ಬ್ರೆಜಿಲ್ ದೇಶಕ್ಕೆ ಹೋಗಿದ್ದ. ಹಿಂದಿರುಗುವಾಗ ಒಂದು ಹಾಸನ್ನು ತಂದು ಮಲಗುವ ಕೋಣೆಯಲ್ಲಿ ಮಂಚದ ಬದಿಗೆ ಹಾಸಿದ. ಕೂದಲ ಸಮೇತವಾದ ಇಡೀ ದನದ ತೊಗಲು ಅದು. ಸುಮಾರು 7 ಅಡಿ ಉದ್ದ, 6 ಅಡಿ ಅಗಲ, ಹಾಲಿನಂಥ ಬಿಳುಪು. ಕತ್ತು ಎಲ್ಲಿತ್ತು, ಕಾಲುಗಳು ಎಲ್ಲಿದ್ದುವು ಎಂಬುದು ಅದರ ಅಂಚಿನಲ್ಲಿಯೇ ತಿಳಿಯುತ್ತಿತ್ತು. ಮರುವಾರ ಬಂದ ನನ್ನ ಬೀಗಿತಿಯವರು ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟರು. "ಇದು ಒಳಗಿರುವ ತನಕ ನಾನು ಇಲ್ಲಿಗೆ ಕಾಲಿಡುವವಳಲ್ಲ" ಎಂದರಂತೆ. ಸಂಜೆ ಮಗಳು ಫೋನು ಮಾಡಿದಳು: "ಅಪ್ಪಾ, ನೀವು ಓದಿದವರು, ಅತ್ತೆಗೆ ಸ್ವಲ್ಪ ತಿಳಿಯಹೇಳಿ." ತಿಳಿಯಹೇಳುವುದಕ್ಕೆ ಮೊದಲು ನಾನೇ ತಿಳಿಯಬೇಕಾಗಿತ್ತು. ಹಾಗೆ ತಿಳಿದುಕೊಂಡದ್ದನ್ನು ಇಂದು ತಮ್ಮ ಮುಂದಿಡುತ್ತಿದ್ದೇನೆ.

ಮಲಗುವ ಕೋಣೆಯನ್ನು ಅಲಂಕರಿಸುವುದೆಂಬ ಯೋಚನೆಯೇ ನಮ್ಮಲ್ಲಿ ಹೊಸದು. ಜಯನಗರದ ಬಡಾವಣೆಗೆ 1948ರಲ್ಲಿ ಅಸ್ತಿಭಾರ ಬಿದ್ದ ಮೇಲೆ ಎದ್ದ ಹಳೆಯ ಮನೆಗಳನ್ನು ನೋಡಿದವರಿಗೆ ಇದು ಗೊತ್ತು. ಕೆಂಪು ಗಾರೆಯ ನೆಲ. ರಾತ್ರಿ ಅದರ ಮೇಲೊಂದು ಚಾಪೆ, ಚಾಪೆಯ ಮೇಲೊಂದು ಜಮಖಾನ. ಬೆಳಗಾದರೆ ಎಲ್ಲವೂ ಸುರುಳಿಯಾಗಿ ಗೋಡೆಯ ಮೂಲೆ ಸೇರುತ್ತಿತ್ತು. ಹಗಲು ಅದು ಮಕ್ಕಳು ಓದುವ ಕೋಣೆ, ಹಬ್ಬಕ್ಕೆ ಎಲೆ ಹಾಕುವ ಕೋಣೆ. ಮಂಚವು ಹಗಲೂ ರಾತ್ರಿಯೂ ಒಂದೇ ಕಡೆ ನೆಲೆಯೂರಿದ ಮೇಲೆ, ಎದ್ದೊಡನೆ ತಣ್ಣನೆಯ ನುಣುಪುಗಲ್ಲಿಗೆ ಕಾಲು ತಾಗದಂತೆ ಏನಾದರೂ ಬೇಕೆನಿಸಿತು. ನವಲಗುಂದದ ಜಮಖಾನವೋ ಚಳ್ಳಕೆರೆಯ ಕಂಬಳಿಯೋ ಆ ಕೆಲಸವನ್ನು ಮಾಡಬಲ್ಲವು. ಈಚೆಗೆ ಕೆಲವು ಮನೆಗಳಲ್ಲಿ ಅವುಗಳ ಸ್ಥಾನಕ್ಕೆ ತೊಗಲಿನ ಹಾಸು ಬಂದಿದೆ.

ಆದರೆ ತೊಗಲಿನ ಹಾಸು ನಮಗೆ ಪೂರ್ತಿ ಅಪರಿಚಿತವೇ? ಉಪನಯನದ ವಟುವಿಗೆ ಕೃಷ್ಣಾಜಿನ, ತಪಸ್ವಿಗೆ ವ್ಯಾಘ್ರಚರ್ಮ ಎಂಬುದನ್ನು ಎಲ್ಲರೂ ಬಲ್ಲರು. (1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಅವೆರಡನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ.) ದನದ ತೊಗಲಿನ ಸಂಗತಿ ಅಷ್ಟು ಪ್ರಚಾರದಲ್ಲಿಲ್ಲ. ವೈದಿಕ ಯಜ್ಞದಲ್ಲಿ ಸೋಮಲತೆಯನ್ನು ಜಜ್ಜುವಾಗ ಕೆಳಗೆ ಹಾಸುತ್ತಿದ್ದುದು ಎತ್ತಿನ ತೊಗಲು. ಆಶ್ವಲಾಯನ ಗೃಹ್ಯಸೂತ್ರದ ವಿವಾಹಪ್ರಕರಣದಲ್ಲಿ ಇನ್ನೂ ಕುತೂಹಲಕರವಾದ ವಿಧಿಯೊಂದಿದೆ. ನವವಧು ಗಂಡನ ಮನೆಗೆ ಬಂದಾಗ ಎತ್ತಿನ ಚರ್ಮವನ್ನು ಕತ್ತಿನ ಭಾಗ ಪೂರ್ವಕ್ಕೆ ಬರುವಂತೆ, ಕೂದಲು ಮೇಲಾಗುವಂತೆ ಹಾಸಿ, ಅದರ ಮೇಲೆ ಅವಳನ್ನು ಕೂಡಿಸಬೇಕೆಂದು ಸೂತ್ರಕಾರ ಹೇಳುತ್ತಾನೆ. ಧರ್ಮಶಾಸ್ತ್ರಗಳು ಭೂದಾನವನ್ನು ಹೇಳುವಾಗ ನೆಲದ ಒಂದು ಅಳತೆಗೇ 'ಗೋಚರ್ಮ'ವೆಂದು ಹೆಸರಿಟ್ಟಿವೆ. ಹಾಗಿದ್ದ ಮೇಲೆ, ಹೊಸ ಮನೆಗೆ ಬಂದ ಸೊಸೆಯ ಕಾಲ ಬಳಿ ತೊಗಲು ಹಾಸಿದ್ದು ಅಪಚಾರವೆಂದು ಶಾಸ್ತ್ರದ ಬಲದಿಂದ ಹೇಳುವುದು ಕಷ್ಟ.

ಇನ್ನು ಆ ತೊಗಲು ಹಾಸಾಗುವುದು ಹೇಗೆ ಎಂಬ ಮಾತು. ಹಸಿಯ ತೊಗಲು ಎರಡು ದಿನದಲ್ಲಿ ಕೊಳೆಯುತ್ತದೆ. ಅದರ ಎಳೆಗಳಲ್ಲಿರುವ ಸಸಾರಜನಕ ಪದಾರ್ಥ ಕ್ರಿಮಿಗಳಿಗೆ ಆಹಾರ. ಆ ಎಳೆಗಳೊಡನೆ ಬೇರೊಂದು ದ್ರವ್ಯವನ್ನು ಬೆಸೆದು ಕ್ರಿಮಿಗಳಿಗೆ ದಕ್ಕದಂತೆ ಮಾಡುವುದೇ ಹದ ಮಾಡುವುದು. ನಮ್ಮ ನಾಡಿನ ಹಳೆಯ ಕ್ರಮದಲ್ಲಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕಿತ್ತು, ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿಗಳ ಒಗರು ರಸದಲ್ಲಿ ವಾರಗಟ್ಟಲೆ ಅದ್ದಿಡುತ್ತಿದ್ದರು. ಕನ್ನಡದಲ್ಲಿ ತೊಗಲು, ತೊಗಟೆ ಎರಡೂ ಒಂದೇ ಬಳ್ಳಿಯ ಮಾತುಗಳು. ಮರದ ತೊಗಲು ದನದ ತೊಗಲನ್ನು ಕಾಯುವುದೆಂದರೆ ಆ ಬಳ್ಳಿಗೆ ಒಪ್ಪುವ ಕೆಲಸವೇ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಪಶ್ಚಿಮದಲ್ಲಿ ಕ್ರೋಮಿಯಂ ಲವಣದಿಂದ ಹದ ಮಾಡುವ ಕ್ರಮ ಬಳಕೆಗೆ ಬಂದಿತು. ವಾರಗಳ ಕೆಲಸ ದಿನಗಳಿಗಿಳಿಯಿತು. ದಕ್ಷಿಣ ಭಾರತದಲ್ಲಿ ಅದನ್ನು ನೆಲೆಗೊಳಿಸಲು ದುಡಿದ ಆಲ್ಫ್ರೆಡ್ ಚಾಟರ್ಟನ್ನರು ಅನಂತರ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು.

ಹಾಸಿಗೆ ಬೇಕಾದದ್ದು ಕೂದಲುಳ್ಳ ತೊಗಲು. ಆದುದರಿಂದ ಅದಕ್ಕೆ ಸುಣ್ಣ ತಾಗಿಸುವಂತಿಲ್ಲ. ತಾಗಿದರೆ ಕೂದಲು ಬುಡ ಬಿಡುತ್ತದೆ. ಉಪ್ಪು ಹಚ್ಚಿ ಕಾಪಾಡಿ, ಒಳಮೈಯ ಮಾಂಸವನ್ನು ಹೆರೆದು, ಹುಳಿ ಉಪ್ಪುಗಳ ದ್ರಾವಣದಲ್ಲಿಟ್ಟು, ಕ್ರೋಮಿಯಂ ಅಥವಾ ಪಟಿಕದ ಲವಣದಿಂದ ಹದ ಮಾಡಿ, ಎಣ್ಣೆ ಉಣಿಸಿ, ಬಿಗಿಯಾಗಿ ಎಳೆದು ಒಣಗಿಸುತ್ತಾರೆ. ಬಣ್ಣದ ಮಚ್ಚೆಗಳು ದನದ ಮೈಯವೇ, ಒಂದರಂತೆ ಇನ್ನೊಂದಿರದು. ಅಂಗಡಿಯಲ್ಲಿ ಜೀಬ್ರಾ ಪಟ್ಟೆಯ ಹಾಸು ಕಂಡರೆ ಅದು ಸಾಮಾನ್ಯವಾಗಿ ದನದ ತೊಗಲಿನ ಮೇಲೆ ಅಚ್ಚೊತ್ತಿದ ಪಟ್ಟೆ. ಹಿಂಬದಿಯಲ್ಲಿ ನೆಯ್ದ ಬಟ್ಟೆ ಕಂಡರೆ ಅದು ತೊಗಲಲ್ಲದೆ ಕೃತಕ ನೂಲಿನದಿರಬಹುದೆಂದು ಅನುಮಾನಿಸಬೇಕು. ಇದನ್ನು ಒಗೆಯಬಾರದು, ಕೂದಲು ಮಲಗಿದ ದಿಕ್ಕಿಗೆ ಗುಡಿಸಿ ಧೂಳು ತೆಗೆಯಬೇಕು, ಕಲೆಯನ್ನು ಒದ್ದೆ ಬಟ್ಟೆಯಿಂದ ಒರಸಿ ನೆರಳಿನಲ್ಲಿ ಆರಿಸಬೇಕು. ನಮ್ಮ ಊರಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಆಗಾಗ ಎತ್ತಿ ಗಾಳಿಗೆ ಹಿಡಿಯಬೇಕು. ಎತ್ತಿಡುವಾಗ ಮಡಿಸಬಾರದು, ಸುತ್ತಬೇಕು, ಮಡಿಸಿದಲ್ಲಿ ಸೀಳುತ್ತದೆ.

ಅಳಿಯ ತಂದ ಬಿಳಿಯ ತೊಗಲು ಯಾವ ತಳಿಯದೆಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಬ್ರೆಜಿಲ್‌ನ ಗೋಮಾಳಗಳಲ್ಲಿ ಇಂದು ಅತಿ ಹೆಚ್ಚಾಗಿ ಮೇಯುವ ಬಿಳಿಯ ದನಕ್ಕೆ ಅಲ್ಲಿನವರು ಇಟ್ಟಿರುವ ಹೆಸರು 'ನೆಲೋರೆ'. ನಮ್ಮ ನೆರೆಯ ಆಂಧ್ರದ ನೆಲ್ಲೂರಿನ ಹೆಸರು ಅದು. 19ನೆಯ ಶತಮಾನದಿಂದ 1960ರ ದಶಕದ ತನಕ ಹಡಗುಗಳಲ್ಲಿ ಸಾಗಿಹೋದ ಓಂಗೋಲು ತಳಿಯ ಸಂತತಿ. ಇಲ್ಲಿ ನೇಗಿಲು ಎಳೆದವರ ಮೊಮ್ಮಕ್ಕಳು ಅಲ್ಲಿ ಮಾಂಸದ ದನಗಳಾದುವು. ಹಾಸುಗಳು ಆ ವ್ಯಾಪಾರದ ಉಪೋತ್ಪನ್ನ. ಗೋವಿನ ಹಾಡನ್ನು ಹಾಡಿ ಬೆಳೆದ ನಾಡಿನವರಿಗೆ ಇದು ಸುಲಭವಾಗಿ ಮರೆಯುವ ಮಾತಲ್ಲ.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ನಾನು ಬೀಗಿತಿಯವರ ಬಳಿಗೆ ಹೋದೆ. ಅವರು ಸಂಗೀತರಸಿಕರು, ಕೋಟೆ ಹೈಸ್ಕೂಲಿನ ಮೈದಾನದ ರಾಮನವಮಿ ಕಛೇರಿಗಳನ್ನು ತಪ್ಪಿಸಿದವರಲ್ಲ. "ಅಮ್ಮಾ, ಮೃದಂಗಕ್ಕೆ ಹಸು, ಆಡು, ಎಮ್ಮೆ ಈ ಮೂರರ ತೊಗಲೂ ಬೇಕು. ಅದು ದೇವರ ಮುಂದೆ ನುಡಿಯುವುದಿಲ್ಲವೇ?" ಎಂದೆ. ಟಿ. ಎಂ. ಕೃಷ್ಣ ಅವರು ಮೃದಂಗ ತಯಾರಿಸುವ ಕುಶಲಕರ್ಮಿಗಳನ್ನು ಕುರಿತು 2020ರಲ್ಲಿ ಪ್ರಕಟಿಸಿದ ಪುಸ್ತಕದ ಮಾತನ್ನೂ ಹೇಳಿದೆ. ಅವರು ಸಾವಧಾನವಾಗಿ ಕೇಳಿ, "ಸರಿ ಬೀಗರೇ, ಆದರೆ ಮೃದಂಗವನ್ನು ಯಾರೂ ತುಳಿಯುವುದಿಲ್ಲವಲ್ಲ" ಎಂದರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ.

ಮನೆಗೆ ಬಂದ ಮೇಲೆ ಹರಳಯ್ಯನವರ ಕಥೆ ನೆನಪಾಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಪಾದರಕ್ಷೆ ಹೊಲಿಯುತ್ತಿದ್ದ ಶರಣ ಅವರು. ಅವರು ಒಮ್ಮೆ ಶರಣೆಂದಾಗ ಬಸವಣ್ಣನವರು ಎರಡು ಬಾರಿ ಶರಣೆಂದರಂತೆ. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲು ಗಂಡಹೆಂಡಿರು ತಮ್ಮ ತೊಡೆಯ ತೊಗಲಿನಿಂದಲೇ ಪಾದರಕ್ಷೆ ಮಾಡಿ ತಂದರು. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು. ತೊಗಲು ಹದ ಮಾಡುವ ಡೋಹರ ಕಕ್ಕಯ್ಯನವರಿಗೂ ಮಾದಾರ ಚೆನ್ನಯ್ಯನವರಿಗೂ ಆ ಕಲ್ಯಾಣದ ಶರಣರು ಹಿರಿಯರ ಸ್ಥಾನ ಕೊಟ್ಟಿದ್ದರು.

ಈ ಕಥೆಯನ್ನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಬಾಲ್ಯದ ಹಳ್ಳಿಯಲ್ಲಿ ಚಪ್ಪಲಿ ಹೊಲಿದು ತರುತ್ತಿದ್ದ ಮುದುಕ ನಮ್ಮ ಜಗಲಿಯನ್ನು ಹತ್ತುವಂತಿರಲಿಲ್ಲ. ಅಜ್ಜಿ ಚಪ್ಪಲಿಯ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಅವನ ಅಂಗೈಗೆ ತಾಗದಂತೆ ದುಡ್ಡನ್ನು ಮೇಲಿನಿಂದ ಬಿಡುತ್ತಿದ್ದ ಹುಡುಗ ನಾನೇ. ತೊಗಲು ನೀರಿನಿಂದ ಶುದ್ಧವಾಗುತ್ತಿತ್ತು. ಅದನ್ನು ಹದ ಮಾಡಿದವನು ಶುದ್ಧನಾಗುತ್ತಿರಲಿಲ್ಲ. ಹಾಸಿನ ವಿಷಯದಲ್ಲಿ ಮಡಿಮೈಲಿಗೆಯ ಮಾತೆತ್ತುವ ಹಕ್ಕು ನನ್ನಂಥವರಿಗೆ ಉಳಿದಿಲ್ಲವೆಂದು ಅಂದು ರಾತ್ರಿ ಅನ್ನಿಸಿತು. ಬೀಗಿತಿಯವರು ಎತ್ತಿದ್ದು ಮೈಲಿಗೆಯ ಪ್ರಶ್ನೆಯಲ್ಲ, ಕಾಲಿನ ಪ್ರಶ್ನೆ. ಬದುಕಿದ್ದ ಜೀವವೊಂದರ ಮೈ, ಅದರ ಮೇಲೆ ಹೆಸರಿಲ್ಲದ ಅನೇಕರ ದುಡಿಮೆ. ಇವೆರಡರ ನೆನಪಿಲ್ಲದೆ ಅದನ್ನು ಬರಿಯ ಅಲಂಕಾರವೆಂದು ತುಳಿಯಬಹುದೇ ಎಂಬ ಪ್ರಶ್ನೆ. ಅದನ್ನು ಹಾಸುವವರೂ ಹಾಸಲೊಲ್ಲದವರೂ ತಮಗೆ ತಾವೇ ಕೇಳಿಕೊಳ್ಳಬೇಕು.

ಮರುದಿನ ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ಹಟ ಮಾಡಲಿಲ್ಲ, ಒಪ್ಪಿಯೂ ಬಿಡಲಿಲ್ಲ. "ಹಾಗಾದರೆ ನಿಮ್ಮ ಕಾಲಿನ ಚಪ್ಪಲಿ, ಅಪ್ಪಾ?" ಎಂದು ಕೇಳಿದಳು. ಅದಕ್ಕೂ ನನ್ನಲ್ಲಿ ಉತ್ತರ ಸಿದ್ಧವಿರಲಿಲ್ಲ. ಸದ್ಯಕ್ಕೆ ಹಾಸು ಸುರುಳಿಯಾಗಿ ಬೀರುವಿನ ಪಕ್ಕದಲ್ಲಿ ನಿಂತಿದೆ. ಮಡಿಸಬೇಡವೆಂದು ಮಾತ್ರ ಹೇಳಿ ಬಂದಿದ್ದೇನೆ.