ಆರು ಮಂದಿ ಲೈಬ್ರರಿಯನ್ನರು, ಅದೂ 1058ರಲ್ಲಿ!

ಕಲಬುರಗಿ ಜಿಲ್ಲೆಯ ಚಿತ್ತಾಪುರ ದಾಟುತ್ತಿದ್ದಂತೆಯೇ ನಾಗಾವಿ. ಯಾರನ್ನು ಕೇಳಿದರೂ ಮೊದಲು ಯಲ್ಲಮ್ಮನ ಗುಡಿಗೇ ದಾರಿ ತೋರಿಸುತ್ತಾರೆ. ಜಾತ್ರೆಗೆ ಬಂದವರೂ ಅಮ್ಮನಿಗೆ ಕಾಯಿ ಒಡೆಸಿ, ಕೈ ಮುಗಿದು, ಬಂದ ದಾರಿ ಹಿಡಿಯುತ್ತಾರೆ. ಅಯ್ಯೋ, ಇನ್ನೊಂದೀಟು ಮುಂದ ಹೋಗ್ರಿ! ಅರವತ್ತು ಕಂಬದ ಗುಡಿ ಅಲ್ಲೇ ಇದೆ. ಒಂದು ಕಾಲಕ್ಕೆ ಈ ಊರೇ ಒಂದು ವಿಶ್ವವಿದ್ಯಾಲಯವಾಗಿತ್ತು.

ಉತ್ಪ್ರೇಕ್ಷೆಯಲ್ಲ, ಕಲ್ಲಿನಲ್ಲಿ ಕೊರೆದಿಟ್ಟ ಮಾತು. ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ದಂಡನಾಯಕ ಮಧುಸೂದನ ಇಲ್ಲಿ ತ್ರೈಪುರುಷ ದೇವಾಲಯ ಕಟ್ಟಿಸಿದ, ಜೊತೆಗೇ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವನ್ನೂ ನಡೆಸಿದ. 1058ರ ಶಾಸನ ಲೆಕ್ಕಪುಸ್ತಕದಷ್ಟೇ ಖಚಿತ: ವೇದ ಓದುವವರು 200, ಶಾಸ್ತ್ರ ಓದುವವರು 50. ವೇದಕ್ಕೆ ಮೂವರು ಉಪಾಧ್ಯಾಯರು. ಭಾಟ್ಟ ಮೀಮಾಂಸೆ, ಪ್ರಾಭಾಕರ ಮೀಮಾಂಸೆ, ನ್ಯಾಯ ಶಾಸ್ತ್ರಗಳಿಗೆ ಮೂವರು. ಅದರ ಜೊತೆಗೆ, ಇಲ್ಲಿ ನನ್ನ ಕಣ್ಣು ಕೀಲಿಸಿಹೋಯಿತು, ಆರು ಮಂದಿ ಸರಸ್ವತೀ ಭಂಡಾರಿಗರು. ಅಂದರೆ ಗ್ರಂಥಪಾಲಕರು!

ಪಾಠ ಹೇಳುವವರೂ ಆರು, ಪುಸ್ತಕ ಕಾಯುವವರೂ ಆರು. ಇಂದಿನ ಯಾವ ಕಾಲೇಜು ಈ ಲೆಕ್ಕಕ್ಕೆ ಒಪ್ಪೀತು? ಅದೂ ಬರೀ ಕಾವಲು ಕೆಲಸವಲ್ಲ. ತಾಳೆಗರಿ ಬಲು ನಾಜೂಕು. ಕಂಟವೆಂಬ ಚೂಪು ಲೇಖನಿಯಿಂದ ಕೊರೆದ ಅಕ್ಷರಕ್ಕೆ ಮಸಿ ತಿಕ್ಕಬೇಕು, ಒಣಗಿ ಸೀಳದಂತೆ ಎಣ್ಣೆ ಸವರಬೇಕು, ಎರಡು ಹಲಗೆಗಳ ನಡುವೆ ದಾರ ಹಾಕಿ ಕಟ್ಟಬೇಕು. ಎಷ್ಟೇ ಜೋಪಾನ ಮಾಡಿದರೂ ಹುಳ ಬಿಡದು, ಮುಕ್ಕಾಗುವ ಮೊದಲೇ ಹೊಸ ಪ್ರತಿ ಎತ್ತಬೇಕು. ಆರು ಜನವೂ ಸಾಲದೇನೋ! ಗುರುಗಳಂತೆ ಅವರ ಜೀವನಕ್ಕೂ ಭೂಮಿಯನ್ನು ಆ ಕಾಲದ ಅಳತೆಯಾದ ಮತ್ತರುಗಳಲ್ಲಿ ಅಳೆದು ಕೊಟ್ಟಿದ್ದರು.

ಇಸವಿಯನ್ನು ಮತ್ತೊಮ್ಮೆ ನೋಡಿ. ನಾರ್ಮನ್ನರು ಇಂಗ್ಲೆಂಡ್ ಗೆದ್ದದ್ದು 1066ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಪಾಠ ನಡೆದ ಕುರುಹು 1096ರದು. ಅಲ್ಲಿ ಹಳ್ಳಿಯ ಮೂಲೆಯಲ್ಲೊಂದು ಹಳೇ ಚರ್ಚ್ ಇದ್ದರೂ ಅದರ ಕಂಬ ಕಂಬಕ್ಕೂ ಚರಿತ್ರೆ ಬರೆದಿಡುತ್ತಾರಂತೆ. ನಮ್ಮ ನಾಗಾವಿಯ ಶಾಸನಗಳೂ ನಿಜಾಮರ ಕಾಲದಲ್ಲೇ, 1928ರಲ್ಲಿ, ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಅಚ್ಚಾಗಿವೆ. ಆದರೆ ಹತ್ತಿರದ ವಾಡಿ ಜಂಕ್ಷನ್‌ನಲ್ಲಿ ರೈಲು ಬದಲಿಸುವ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಇದರ ಸುಳಿವಿದೆ?

ನಾಗಾವಿಯ ಈ ವಿದ್ಯಾಪರಂಪರೆ ದಿಢೀರನೆ ಹುಟ್ಟಿದ್ದೂ ಅಲ್ಲ. ತೊಗರಿ ಹೊಲ, ಫರ್ಸಿ ಕಲ್ಲಿನ ಗಣಿ ಹಾದು ಸೇಡಂ ಕಡೆ ಹೋದರೆ ಕಾಗಿಣಾ ದಂಡೆಯ ಮಳಖೇಡ, ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಸುಮಾರು ಇನ್ನೂರು ವರ್ಷ ಮೊದಲೇ ಅಲ್ಲಿ ದೊರೆ ಅಮೋಘವರ್ಷನ ಆಸ್ಥಾನದಲ್ಲಿ ಕನ್ನಡದ ಕವಿರಾಜಮಾರ್ಗ ಗ್ರಂಥ ಹುಟ್ಟಿತ್ತು. ಅದರದೊಂದು ಪ್ರತಿ ನಾಗಾವಿಯ ಭಂಡಾರಕ್ಕೂ ಬಂದಿತ್ತೆಂದು ಪಣ ಕಟ್ಟಲು ನಾನಂತೂ ತಯಾರು.